ಮನೆಯಲ್ಲೇ ಓದುವ ದೊಡ್ಡ ಮಕ್ಕಳಿಗೆ ಪೌರನೀತಿ: ಕರ್ನಾಟಕದ ಪುಸ್ತಕವೋ, ಕೇರಳದ್ದೋ?

ಬದಿಯಡ್ಕದಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯವರು. ನಮ್ಮ ಇಬ್ಬರು ಮಕ್ಕಳು ಮನೆಯಲ್ಲೇ ಓದುತ್ತಾರೆ. ಮಗಳಿಗೆ 16, ಮಗನಿಗೆ 13. ಮಗಳು ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದಳು. ಪ್ಲಸ್ ಟುಗೆ ರಾಜ್ಯಶಾಸ್ತ್ರ ತೆಗೆದುಕೊಳ್ಳುತ್ತೇನೆ ಅಂತ ಅವಳೇ ಹಠ ಹಿಡಿದಿದ್ದಾಳೆ. ಮಗನನ್ನು ಇನ್ನೂ ಎಲ್ಲೂ ಸೇರಿಸಿಲ್ಲ, 14 ಆಗಲಿ ಅಂತ ಕಾಯುತ್ತಿದ್ದೇವೆ. ಗಣಿತ, ವಿಜ್ಞಾನಕ್ಕೆ ಹೇಗೋ ದಾರಿ ಸಿಕ್ಕಿದೆ. ತಲೆನೋವು ಆಗಿರುವುದು ಈ ಸಂವಿಧಾನ, ಸರ್ಕಾರ, ಪಂಚಾಯತು ಅನ್ನುವ ಭಾಗ.

ಪುತ್ತೂರಿನಲ್ಲಿರುವ ಅಕ್ಕ ಕರ್ನಾಟಕದ 8, 9, 10ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ಕಳಿಸಿದಳು. ಕನ್ನಡ ಚೆನ್ನಾಗಿದೆ, ಮಕ್ಕಳಿಗೆ ಓದಲು ಸುಲಭ. ಆದರೆ ಮಗ ಅದನ್ನು ಓದಿ ಬಂದು "ಅಮ್ಮ, ನಮ್ಮ ಪಿಡಿಒ ಯಾರು? ನಮ್ಮ ತಾಲ್ಲೂಕು ಪಂಚಾಯತಿ ಎಲ್ಲಿದೆ? ವಿಧಾನ ಪರಿಷತ್ತಿಗೆ ನಮ್ಮಿಂದ ಯಾರು ಹೋಗಿದ್ದಾರೆ?" ಅಂತ ಸಾಲಾಗಿ ಕೇಳಿದ. ಇಲ್ಲಿ ಪಿಡಿಒ ಅನ್ನುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೂ ಇಲ್ಲ, ಪರಿಷತ್ತೂ ಇಲ್ಲ ಅಲ್ವಾ. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದೊಂದಾಗಿ ತಿದ್ದಿ ಹೇಳಬೇಕಾಯಿತು.

ಇನ್ನೊಂದು ಕಡೆ, ಮನೆಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬೆಂಗಳೂರು, ಪುಣೆಯವರೆಲ್ಲ ಅಮೆರಿಕದ ಕೋರ್ಸುಗಳನ್ನೇ ಹೇಳುತ್ತಾರೆ. ಖಾನ್ ಅಕಾಡೆಮಿ, ಸರ್ಕಾರ ಹೇಗೆ ನಡೆಯುತ್ತದೆ ಅಂತ ಕಲಿಸುವ ಐಸಿವಿಕ್ಸ್ ಆಟಗಳು. ಮಗಳಿಗೆ ತುಂಬ ಇಷ್ಟ ಆಯಿತು. ಈಗ ಅಮೆರಿಕದ ಸೆನೆಟ್‌ನಲ್ಲಿ 100 ಜನ ಅಂತ ಥಟ್ಟನೆ ಹೇಳುತ್ತಾಳೆ, ಕೇರಳ ವಿಧಾನಸಭೆಯಲ್ಲಿ ಎಷ್ಟು ಜನ ಅಂದರೆ ಮುಖ ನೋಡುತ್ತಾಳೆ.

ಕಾಸರಗೋಡು ಕಡೆಯವರು, ಅಥವಾ ಬೇರೆ ಗಡಿಭಾಗದ ಕನ್ನಡದವರು ಏನು ಬಳಸಿದ್ದೀರಿ? ಕನ್ನಡದಲ್ಲಿದ್ದರೆ ಒಳ್ಳೆಯದು, ಸರಳ ಇಂಗ್ಲಿಷ್ ಆದರೂ ಸರಿ. ಮಲಯಾಳ ಮಾತು ಇಬ್ಬರಿಗೂ ಬರುತ್ತದೆ, ಓದುವುದು ಮಾತ್ರ ನಿಧಾನ. ದುಬಾರಿ ಕೋರ್ಸು ಬೇಡ. ಮತ್ತೆ ಒಂದು ಪಕ್ಷದ ಕಡೆ ವಾಲಿದ ಪುಸ್ತಕವೂ ಬೇಡ.

ಪೆರ್ಲದ ಮೇಷ್ಟ್ರು

ನಾನು ಇದೇ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೊದಲು ಕೇರಳದ ಪುಸ್ತಕ, ಆಮೇಲೆ ಕರ್ನಾಟಕದ್ದು. ಅಮೆರಿಕದ್ದು ಬೇಕಾದರೆ ಕೊನೆಗೆ.

ಕೇರಳದಲ್ಲಿ ಪಠ್ಯಪುಸ್ತಕ ಮಾಡುವ ಸಂಸ್ಥೆ ಎಸ್‌ಸಿಇಆರ್‌ಟಿ ತನ್ನ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತದೆ. ಎಷ್ಟೋ ಪಾಲಕರಿಗೆ ಇದು ಗೊತ್ತೇ ಇಲ್ಲ. "ಸಮಗ್ರ" ಅನ್ನುವ ಜಾಲತಾಣದಲ್ಲಿ ತರಗತಿ, ಮಾಧ್ಯಮ ಆರಿಸಿದರೆ ಪಿಡಿಎಫ್ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. 8ರಿಂದ 10ರವರೆಗಿನದ್ದು ಇಳಿಸಿಕೊಳ್ಳಿ. 2024 ಮತ್ತು 2025ರಲ್ಲಿ ಪುಸ್ತಕಗಳು ಹೊಸದಾಗಿ ಬಂದಿವೆ, ಯಾರದೋ ಮನೆಯ ಹಳೆಯದು ಸಿಕ್ಕಿತು ಅಂತ ಅದನ್ನೇ ಹಿಡಿದುಕೊಂಡು ಕೂರಬೇಡಿ. ಕನ್ನಡ ಕೆಲವು ಕಡೆ ಗಟ್ಟಿ ಇದೆ, ಒಂದು ಪ್ಯಾರಾ ಎರಡು ಸಲ ಓದಬೇಕಾಗುತ್ತದೆ. ಜೊತೆಗೆ ಕೂತು ಓದಿದರೆ ದಾಟಬಹುದು.

ಈಗ ಮಗನ ಪ್ರಶ್ನೆಗೆ ಬರೋಣ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ, ಅದನ್ನು ತಿದ್ದಿ ಮುಗಿಸಬೇಡಿ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಅವನ ಕೈಲೇ ವ್ಯತ್ಯಾಸ ಬರೆಸಿ. ಅಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿ. ಇಲ್ಲಿ ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತು. ಅಲ್ಲಿ ವಿಧಾನಸಭೆಯಲ್ಲಿ 224, ಮೇಲೆ ಪರಿಷತ್ತಿನಲ್ಲಿ 75. ಇಲ್ಲಿ 140, ಮುಗಿಯಿತು. ಅಲ್ಲಿ ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಇಲ್ಲಿ ವಾರ್ಡ್ ಮೆಂಬರ್ ಕೂಡ ಪಕ್ಷದ ಚಿಹ್ನೆಯಲ್ಲೇ ನಿಲ್ಲುತ್ತಾರೆ. ಅಲ್ಲಿ ಗ್ರಾಮಸಭೆ ಇಡೀ ಪಂಚಾಯತಿಗೆ, ಅದರ ಕೆಳಗೆ ವಾರ್ಡ್ ಸಭೆ. ಇಲ್ಲಿ ಒಂದೊಂದು ವಾರ್ಡಿಗೂ ಒಂದೊಂದು ಗ್ರಾಮಸಭೆ.

ಇಷ್ಟು ಬರೆದ ಮೇಲೆ ಅವನೇ ಕೇಳುತ್ತಾನೆ: ದೇಶ ಒಂದೇ, ಸಂವಿಧಾನ ಒಂದೇ, ಮತ್ತೆ ಯಾಕೆ ಹೀಗೆ? ಆಗ 73ನೇ ತಿದ್ದುಪಡಿ ತೆಗೆಯಿರಿ. 1993ರ ಏಪ್ರಿಲ್ 24ರಿಂದ ಜಾರಿ. ಅದು ಚೌಕಟ್ಟು ಹಾಕಿತು, ಒಳಗಿನದ್ದನ್ನು ಆಯಾ ರಾಜ್ಯದ ಕಾನೂನಿಗೆ ಬಿಟ್ಟಿತು. ಕರ್ನಾಟಕ 1993ರಲ್ಲೇ ಕಾಯ್ದೆ ಮಾಡಿತು, ಕೇರಳ 1994ರಲ್ಲಿ. ಕೇರಳ 1996ರಲ್ಲಿ ಜನಕೀಯ ಆಸೂತ್ರಣ (ಜನರೇ ಮಾಡುವ ಯೋಜನೆ) ಅಂತ ಶುರು ಮಾಡಿ, ಯೋಜನೆಯ ಹಣದಲ್ಲಿ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಪಂಚಾಯತು, ನಗರಸಭೆಗಳಿಗೆ ಕೊಟ್ಟಿತು. ನಮ್ಮ ಪಂಚಾಯತ್ ಆಫೀಸುಗಳಲ್ಲಿ ಅಷ್ಟೊಂದು ಫೈಲು ಯಾಕೆ ಓಡಾಡುತ್ತವೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ. ಉಳಿದ ಅರ್ಧ ಬೇರೆ ಕಥೆ!

ಉಪ್ಪಳ ನಿವಾಸಿ

ಸುಮ್ನೆ ಕೇಳ್ತೇನೆ, ಇಷ್ಟೆಲ್ಲ ಕಷ್ಟ ಯಾಕೆ? ಹತ್ತಿರದ ಶಾಲೆಗೆ ಕಳಿಸಿದರೆ ಆಗುವುದಿಲ್ವಾ? ಪೌರನೀತಿ ಅಂದರೆ ನಾಲ್ಕು ಜನರ ಜೊತೆ ಬೆರೆಯುವುದು. ಮನೆಯಲ್ಲಿ ಕೂತು ಪ್ರಜಾಪ್ರಭುತ್ವ ಕಲಿಯುವುದು ಹೇಗೆ? ಕ್ಲಾಸ್ ಲೀಡರ್ ಚುನಾವಣೆ ಕೂಡ ಇಲ್ಲವಲ್ಲ.

ಬದಿಯಡ್ಕದಮ್ಮ

ಮಗಳ ಆರೋಗ್ಯದ ಕಾರಣಕ್ಕೆ ಶುರು ಮಾಡಿದ್ದು, ಆಮೇಲೆ ಇದೇ ಒಗ್ಗಿತು. ಅದನ್ನು ಇಲ್ಲಿ ಚರ್ಚೆ ಮಾಡುವುದು ಬೇಡ ಅಣ್ಣ. ನಾಲ್ಕು ಜನರ ಜೊತೆ ಬೆರೆಯಬೇಕು ಅನ್ನುವ ಮಾತು ಮಾತ್ರ ಸರಿ, ಅದಕ್ಕೂ ಸಲಹೆ ಇದ್ದರೆ ಹೇಳಿ.

ಮೇಷ್ಟ್ರೇ, ತುಂಬ ಧನ್ಯವಾದ. ಸಮಗ್ರ ನೋಡಿದೆ, ಸಿಕ್ಕಿತು.

ಕೋರ್ಟ್ ರೋಡ್

ವಕೀಲೆ ನಾನು. ಪುಸ್ತಕದ ವಿಷಯ ಮೇಷ್ಟ್ರು ಹೇಳಿದರು. ನಾನು ಸಂವಿಧಾನದ ಬಗ್ಗೆ ಮಾತ್ರ ಹೇಳುತ್ತೇನೆ.

ಯಾವ ಗೈಡೂ ಬೇಡ, ಮೊದಲು ಮೂಲವೇ ಮನೆಯಲ್ಲಿರಲಿ. ಭಾರತ ಸಂವಿಧಾನದ ಕನ್ನಡ ಪಠ್ಯ ಸರ್ಕಾರದ ಜಾಲತಾಣದಲ್ಲೇ ಸಿಗುತ್ತದೆ. ಇಂಗ್ಲಿಷ್ ಪ್ರತಿಯನ್ನೂ ಪಕ್ಕ ಇಟ್ಟುಕೊಳ್ಳಿ. ಆದರೆ 1ನೇ ವಿಧಿಯಿಂದ 395ರವರೆಗೆ ಓದಿಸಲು ಹೋದರೆ ಮಕ್ಕಳು ಆ ಪುಸ್ತಕವನ್ನು ಮತ್ತೆ ಮುಟ್ಟುವುದಿಲ್ಲ. ಒಂದು ವಿಧಿ, ಒಂದು ಜಗಳ, ಹಾಗೆ ಹೋಗಬೇಕು. ಕಾನೂನು ಅರ್ಥವಾಗುವುದು ಜಗಳದಲ್ಲೇ.

ನಿಮ್ಮ ಅದೃಷ್ಟಕ್ಕೆ, ಈ ದೇಶದ ಅತಿ ದೊಡ್ಡ ಸಂವಿಧಾನದ ಜಗಳ ನಿಮ್ಮ ಮನೆಯಿಂದ ಬಸ್ಸಿಗೆ ಹೋಗುವಷ್ಟು ದೂರದಲ್ಲೇ ಹುಟ್ಟಿದ್ದು. ಚೆರ್ಕಳದಿಂದ ಬದಿಯಡ್ಕಕ್ಕೆ ಬರುವ ದಾರಿಯಲ್ಲಿ ಎಡನೀರು ಮಠ ಇದೆಯಲ್ಲ, ಅದೇ. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಾಗ ಹೋಗುತ್ತದೆ ಅಂತಾದಾಗ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಮೂವತ್ತು ವರ್ಷ ಕೂಡ ತುಂಬಿರಲಿಲ್ಲ. ಅವರು ಕೇಳಿದ್ದು ಮಠದ ಜಾಗದ ವಿಷಯ. ಕೋರ್ಟಿನ ಮುಂದೆ ಬಂದು ನಿಂತ ಪ್ರಶ್ನೆಯೇ ಬೇರೆ: ಸಂಸತ್ತಿಗೆ ಬಹುಮತ ಇದ್ದರೆ ಸಂವಿಧಾನದಲ್ಲಿ ಏನು ಬೇಕಾದರೂ ಬದಲಾಯಿಸಬಹುದಾ?

13 ನ್ಯಾಯಮೂರ್ತಿಗಳು ಕೂತರು. ಸುಪ್ರೀಂ ಕೋರ್ಟಿನಲ್ಲಿ ಅದಕ್ಕಿಂತ ದೊಡ್ಡ ಪೀಠ ಇವತ್ತಿನವರೆಗೂ ಕೂತಿಲ್ಲ. ವಾದ 68 ದಿನ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು, 7-6. ಒಬ್ಬರು ಆಚೆ ಹೋಗಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂತ ಆಯಿತು. ಕೇರಳದ ಭೂ ಕಾನೂನುಗಳಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಅಂದರೆ ಸ್ವಾಮೀಜಿ ಯಾವುದಕ್ಕಾಗಿ ಹೋಗಿದ್ದರೋ ಅದು ಸಿಗಲಿಲ್ಲ, ದೇಶಕ್ಕೆ ಬೇರೇನೋ ಸಿಕ್ಕಿತು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಎಡನೀರಿನ ಹೆಸರು ಬರೆದವು. ನಮ್ಮವರು ಎಷ್ಟೋ ಜನ ಅಲ್ಲಿಗೆ ಯಕ್ಷಗಾನ ನೋಡಲು ಹೋಗಿದ್ದಾರೆ, ಈ ಕೇಸಿನ ಬಗ್ಗೆ ಕೇಳಿದರೆ ಮಾತ್ರ ಗೊತ್ತಿಲ್ಲ.

ಇದರಲ್ಲಿ ಎಷ್ಟು ಪಾಠ ಇದೆ ನೋಡಿ. ಮೂಲಭೂತ ಹಕ್ಕು, ತಿದ್ದುಪಡಿಯ 368ನೇ ವಿಧಿ, ಕೆಲವು ಕಾನೂನುಗಳಿಗೆ ಕೋರ್ಟಿನಿಂದ ರಕ್ಷಣೆ ಕೊಡುವ ಒಂಬತ್ತನೇ ಅನುಸೂಚಿ, ಸಂಸತ್ತು ದೊಡ್ಡದೋ ಕೋರ್ಟು ದೊಡ್ಡದೋ ಅನ್ನುವ ಪ್ರಶ್ನೆ. ಮಗಳ ಪ್ಲಸ್ ಟು ಪಾಠದ ದೊಡ್ಡ ಪಾಲೇ ಆಯಿತು. ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಬಿಡಬೇಡಿ. ಅದೇ ಭೂಸುಧಾರಣೆಯಿಂದ ಗೇಣಿ ಒಕ್ಕಲುಗಳಿಗೆ ಜಾಗ ಸಿಕ್ಕಿತಲ್ಲ, ಅವರ ಕಡೆಯಿಂದ ನೋಡಿದರೆ ಇದು ಹೇಗೆ ಕಾಣುತ್ತದೆ? ನಿಮ್ಮ ಊರಿನಲ್ಲೇ ಎರಡೂ ಕಡೆಯ ಹಿರಿಯರು ಇರುತ್ತಾರೆ. ಇಬ್ಬರ ಹತ್ತಿರವೂ ಮಕ್ಕಳನ್ನು ಮಾತಾಡಿಸಿ.

ಎರಡನೇ ಜಗಳ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿ. ಕೇರಳದಲ್ಲಿ 1959ರಲ್ಲಿ ಇ.ಎಂ.ಎಸ್. ಸರ್ಕಾರವನ್ನು ವಜಾ ಮಾಡಿದ್ದು. ಕರ್ನಾಟಕದಲ್ಲಿ 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಗಿದ್ದು, ಅದರ ಮೇಲೆ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದಿದ್ದು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ ಅಂತ. ಒಂದು ಕಥೆ ಈ ರಾಜ್ಯದ್ದು, ಒಂದು ಆ ರಾಜ್ಯದ್ದು. ಟಿವಿಯಲ್ಲಿ ಬಹುಮತ ಸಾಬೀತಿನ ಗಲಾಟೆ ಬಂದಾಗಲೆಲ್ಲ ಈ ತೀರ್ಪಿನ ಹೆಸರು ಕೇಳುತ್ತೀರಿ.

ಮತ್ತೆ ವಿದ್ಯಾನಗರದ ಜಿಲ್ಲಾ ಕೋರ್ಟಿಗೆ ಒಂದು ದಿನ ಕರೆದುಕೊಂಡು ಹೋಗಿ. ನಮ್ಮಲ್ಲಿ ಕೋರ್ಟು ನಡೆಯುವುದು ಎಲ್ಲರ ಎದುರಿಗೇ, ಕೆಲವು ಸೂಕ್ಷ್ಮ ಪ್ರಕರಣ ಬಿಟ್ಟರೆ ಯಾರು ಬೇಕಾದರೂ ಕೂತು ನೋಡಬಹುದು. ಸಿನಿಮಾದ ಹಾಗೆ ಇರುವುದಿಲ್ಲ, ಮೊದಲ ಒಂದು ಗಂಟೆ ಬರೀ ಮುಂದಿನ ತಾರೀಕು ಕೊಡುವುದೇ. ಅದನ್ನೂ ನೋಡಲಿ.

ಉಪ್ಪಳ ನಿವಾಸಿ

13 ವರ್ಷದ ಹುಡುಗನಿಗೆ ಸುಪ್ರೀಂ ಕೋರ್ಟ್ ತೀರ್ಪಾ? ಜಾಸ್ತಿ ಆಯಿತು ಅನ್ನಿಸುತ್ತದೆ.

ಕೋರ್ಟ್ ರೋಡ್

ತೀರ್ಪು ಓದಿಸಿ ಅಂತ ನಾನು ಹೇಳಲಿಲ್ಲ, ಅದನ್ನು ಪೂರ್ತಿ ಓದಿದ ವಕೀಲರೇ ಕಡಿಮೆ. ಕಥೆ ಹೇಳಿ ಅಂದೆ. ಜಾಗದ ತಕರಾರು ಅಂದರೆ ಏನು ಅಂತ ಕಾಸರಗೋಡಿನ 13 ವರ್ಷದ ಹುಡುಗನಿಗೆ ನಾವು ಕಲಿಸಬೇಕಾ?

ಜತ್ತದ ಗೌಡ

ನಮಸ್ಕಾರ್ರಿ. ನಾವು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವರು. ನಿಮ್ಮ ಮಗನ ಪ್ರಶ್ನೆ ಓದಿ ನಗು ಬಂತು, ನಮ್ಮ ಮನೆಯಲ್ಲೂ ಇದೇ ಕಥೆ. ವಿಜಯಪುರದಿಂದ ಪುಸ್ತಕ ತಂದರೆ ಅದರಲ್ಲಿ ತಾಲ್ಲೂಕು ಪಂಚಾಯತಿ, ನಮ್ಮಲ್ಲಿ ಪಂಚಾಯತ್ ಸಮಿತಿ. ಅದರಲ್ಲಿ ಅಧ್ಯಕ್ಷರು, ನಮ್ಮಲ್ಲಿ ಸರಪಂಚರು. ಅದೂ ಸರಪಂಚರನ್ನು ಜನರೇ ನೇರ ಆರಿಸಬೇಕಾ, ಸದಸ್ಯರು ಆರಿಸಬೇಕಾ ಅನ್ನುವುದು 2017ರಲ್ಲಿ ಒಂದು ಥರ, 2020ರಲ್ಲಿ ಒಂದು ಥರ, 2022ರಲ್ಲಿ ಮತ್ತೆ ಮೊದಲಿನ ಥರ. ಸರ್ಕಾರ ಬದಲಾದ ಹಾಗೆ ಕಾನೂನೂ ಬದಲಾಯಿತು. ಯಾವ ಪುಸ್ತಕವೂ ಇದರ ಹಿಂದೆ ಓಡಲು ಆಗುವುದಿಲ್ಲ.

ನಮಗೆ ಅನುಕೂಲ ಆಗಿದ್ದು ಬಾಲಭಾರತಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಅದು, ಕನ್ನಡ ಮಾಧ್ಯಮದ ಪುಸ್ತಕವನ್ನೂ ಮಾಡುತ್ತದೆ, ಪಿಡಿಎಫ್ ಪುಕ್ಕಟೆ. ಇತಿಹಾಸ ಮತ್ತು ರಾಜ್ಯಶಾಸ್ತ್ರ ಎರಡೂ ಒಂದೇ ಪುಸ್ತಕದಲ್ಲಿ ಬರುತ್ತವೆ. ನಿಮ್ಮ ಮಕ್ಕಳು ಬೇಕಾದರೆ ಇದನ್ನೂ ಒಮ್ಮೆ ತಿರುವಿ ಹಾಕಲಿ, ಮೂರನೇ ರಾಜ್ಯವೂ ಗೊತ್ತಾದ ಹಾಗೆ ಆಯಿತು. ಆಂಧ್ರ, ತಮಿಳುನಾಡು ಗಡಿಯವರು ಇದ್ದರೆ ಅವರ ಕಡೆಯದ್ದು ಹೇಳಲಿ. ತಾಳವಾಡಿಯವರು ಯಾರಾದರೂ ಇದ್ದೀರಾ?

ಗಡಿಯ ವಿಷಯ ಮಕ್ಕಳಿಗೆ ಹೇಳುವುದು ಹೇಗೆ ಅಂತ ನಾನು ತುಂಬ ಯೋಚನೆ ಮಾಡಿದ್ದೇನೆ. ಘೋಷಣೆ ಕೂಗಿದರೆ ಅದು ಪಾಠ ಆಗುವುದಿಲ್ಲ. ಸಂವಿಧಾನದ 3ನೇ ವಿಧಿಯಿಂದ ಶುರು ಮಾಡಿ. ರಾಜ್ಯದ ಗಡಿ ಬದಲಾಯಿಸುವವರು ಯಾರು? ಸಂಸತ್ತು. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕೇ ಬೇಕು ಅಂತಿಲ್ಲ. ಆಮೇಲೆ ಭಾಷೆಯ ಮೇಲೆ ರಾಜ್ಯಗಳಾದ 1956ರ ನವೆಂಬರ್ 1, ಆಮೇಲೆ ಗಡಿ ತಕರಾರಿನ ಮೇಲೆ ಮಹಾಜನ ಆಯೋಗ ಕೊಟ್ಟ 1967ರ ವರದಿ. ನಿಮ್ಮ ಕಡೆ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಅದರಲ್ಲಿತ್ತು. ನಮ್ಮ ಜತ್ತವೂ ಆ ವರದಿಯಲ್ಲಿ ಬರುತ್ತದೆ. ಆಯೋಗ ಅಂದರೆ ಏನು, ಅದರ ಮಾತಿಗೆ ಎಷ್ಟು ಬಲ, ವರದಿ ಕೊಟ್ಟ ಮೇಲೆ ಸರ್ಕಾರ ಸುಮ್ಮನೆ ಕೂತರೆ ಯಾರು ಕೇಳಬೇಕು? ಇದಕ್ಕಿಂತ ಒಳ್ಳೆಯ ಉದಾಹರಣೆ ಬೆಂಗಳೂರಿನ ಮಕ್ಕಳಿಗೆ ಸಿಗುವುದಿಲ್ಲ ಬಿಡ್ರಿ.

ಪೆರ್ಲದ ಮೇಷ್ಟ್ರು

ಗೌಡರು ಚೆನ್ನಾಗಿ ಹೇಳಿದರು. ಅದರ ಜೊತೆಗೆ 350ಎ, 350ಬಿ ವಿಧಿಗಳನ್ನೂ ಸೇರಿಸಿ. ಎರಡೂ 1956ರ ಏಳನೇ ತಿದ್ದುಪಡಿಯಲ್ಲಿ ಬಂದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅನ್ನುವುದು ಒಂದು, ಅದನ್ನೆಲ್ಲ ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಬೇಕು ಅನ್ನುವುದು ಇನ್ನೊಂದು. ರಾಜ್ಯ ಮಟ್ಟದಲ್ಲಿ ಕೇರಳದ 1969ರ ಅಧಿಕೃತ ಭಾಷೆ ಕಾಯ್ದೆ ಇದೆ. ಕನ್ನಡದವರು, ತಮಿಳರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು ಅನ್ನುವ ಅವಕಾಶ ಅದರಲ್ಲಿದೆ.

ಮಗನ ಕೈಲಿ ಕನ್ನಡದಲ್ಲೇ ಒಂದು ಅರ್ಜಿ ಬರೆಸಿ. ದಾರಿದೀಪದ್ದೋ, ಮೋರಿಯದ್ದೋ, ನಿಜವಾದ ದೂರೇ ಇರಲಿ. ಪಂಚಾಯತ್ ಕಾರ್ಯದರ್ಶಿಗೆ ಅಂತ ವಿಳಾಸ ಬರೆದು, ನೀವು ಸಹಿ ಮಾಡಿ, ಕೊಟ್ಟು ರಶೀದಿ ತರಲಿ. ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಅಂತ ನೋಡಲಿ. ಬರದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ರಶೀದಿ ಜೋಪಾನ ಮಾಡುವುದನ್ನೂ ಕಲಿಯುತ್ತಾನೆ. ನನ್ನ ಮಟ್ಟಿಗೆ ಅರ್ಧ ಪೌರನೀತಿ ಅದೇ.

ಎರಡು ಬಾಟಲ್ ಶಾಯಿ

ಪರೀಕ್ಷೆಯ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗ ಎನ್‌ಐಒಎಸ್‌ನಲ್ಲೇ ಹತ್ತು, ಪ್ಲಸ್ ಟು ಎರಡೂ ಮುಗಿಸಿದ.

ಮೇಲಿನದ್ದೆಲ್ಲ ಚೆಂದ, ಆದರೆ ಮಗಳು ಪಾಸಾಗಬೇಕಲ್ಲ. ಪ್ಲಸ್ ಟು ರಾಜ್ಯಶಾಸ್ತ್ರದ ಕೋಡ್ 317. ಅವರದೇ ಪುಸ್ತಕ ಇದೆ, ಪ್ರಶ್ನೆ ಬರುವುದು ಅದರಿಂದಲೇ. ಪುಸ್ತಕ ಒಣ ಒಣ ಇದೆ, ನಿಜ ಹೇಳಬೇಕೆಂದರೆ ನಿದ್ದೆ ಬರುತ್ತದೆ. ಅದಕ್ಕೆ ನಾವು ಮಾಡಿದ್ದು ಹೀಗೆ: ಮೊದಲು ಎನ್‌ಸಿಇಆರ್‌ಟಿಯ (ದೆಹಲಿಯ ಕೇಂದ್ರ ಪಠ್ಯಪುಸ್ತಕ ಸಂಸ್ಥೆ) 11ನೇ ತರಗತಿಯ ಸಂವಿಧಾನದ ಪುಸ್ತಕ ಓದುವುದು, ಆಮೇಲೆ ಅದೇ ಪಾಠವನ್ನು ಎನ್‌ಐಒಎಸ್ ಪುಸ್ತಕದಲ್ಲಿ ನೋಡಿ ಟಿಪ್ಪಣಿ ಮಾಡುವುದು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಉನ್ನಿ, ಮುನ್ನಿ ಅಂತ ಎರಡು ಕಾರ್ಟೂನ್ ಮಕ್ಕಳು ಮಧ್ಯೆ ಮಧ್ಯೆ ತಲೆಹರಟೆ ಪ್ರಶ್ನೆ ಕೇಳುತ್ತವೆ, ನನ್ನ ಮಗ ಪಾಠಕ್ಕಿಂತ ಮೊದಲು ಅವನ್ನೇ ಹುಡುಕಿ ಓದುತ್ತಿದ್ದ. ಟಿಎಂಎ ಅಂತ ಬರೆದು ಕೊಡುವ ಅಸೈನ್‌ಮೆಂಟ್‌ಗೆ 20 ಶೇಕಡಾ ಅಂಕ ಇದೆ, ಕೊನೇ ದಿನದವರೆಗೆ ಬಿಡಬೇಡಿ. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಂದು ಸಲ ನೋಂದಾಯಿಸಿದರೆ ಐದು ವರ್ಷ ಸಮಯ ಇರುತ್ತದೆ, ಎಲ್ಲ ವಿಷಯ ಒಟ್ಟಿಗೆ ಬರೆಯಲೇಬೇಕು ಅಂತಿಲ್ಲ. ಗಾಬರಿ ಬೇಡ.

ಎನ್‌ಸಿಇಆರ್‌ಟಿ 10ನೇ ತರಗತಿಯದ್ದು ಓದಿಸುವುದಾದರೆ 2022ಕ್ಕಿಂತ ಹಿಂದಿನ ಪ್ರತಿ ಹುಡುಕಿ. ಆಮೇಲಿನ ಮುದ್ರಣದಲ್ಲಿ ಪ್ರಜಾಪ್ರಭುತ್ವ ಮತ್ತು ವೈವಿಧ್ಯ, ಜನಪರ ಹೋರಾಟಗಳು, ಪ್ರಜಾಪ್ರಭುತ್ವದ ಸವಾಲುಗಳು, ಈ ಮೂರು ಪಾಠಗಳನ್ನು ತೆಗೆದಿದ್ದಾರೆ. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಇಷ್ಟವಾಗಿದ್ದು ಹೋರಾಟದ ಪಾಠವೇ.

ಇನ್ನು ವಾಲದ ಪುಸ್ತಕ ಬೇಕು ಅಂದಿರಲ್ಲ, ಅಂಥದ್ದು ಇಲ್ಲ. ಕರ್ನಾಟಕದ್ದು 2022ರಲ್ಲಿ ಪರಿಷ್ಕರಣೆ ಅಂತ ದೊಡ್ಡ ಗಲಾಟೆ ಆಯಿತು, ಸರ್ಕಾರ ಬದಲಾಗಿ 2023ರಲ್ಲಿ ಮತ್ತೆ ತಿದ್ದಿದರು. ಎನ್‌ಸಿಇಆರ್‌ಟಿಯವರು ತೆಗೆದ ಪಾಠಗಳನ್ನು ಕೇರಳ 2023ರಲ್ಲಿ ಪ್ಲಸ್ ವನ್, ಪ್ಲಸ್ ಟು ಮಕ್ಕಳಿಗೆ ಪೂರಕ ಪುಸ್ತಕ ಅಂತ ಬೇರೆಯಾಗಿ ತಂದಿತು. ಯಾರು ಯಾವುದನ್ನು ತೆಗೆದರು, ಯಾರು ಯಾವುದನ್ನು ಸೇರಿಸಿದರು ಅನ್ನುವುದನ್ನೇ ಮಗಳಿಗೆ ಪಟ್ಟಿ ಮಾಡಲು ಹೇಳಿ. 16 ವರ್ಷದವಳು, ಅವಳಿಗೆ ಅರ್ಥವಾಗುತ್ತದೆ.

ಉಪ್ಪಳ ನಿವಾಸಿ

ಪಕ್ಷ ರಾಜಕೀಯ ಮಾತ್ರ ಮಕ್ಕಳ ಹತ್ತಿರ ತರಬೇಡಿ ಅಂತ ನನ್ನ ಅಭಿಪ್ರಾಯ. ಸಂವಿಧಾನ ಸಾಕು.

ಹೊಸ ಓಟು

ಅದು ಈ ಜಿಲ್ಲೆಯಲ್ಲಿ ಆಗುವ ಮಾತಾ ಅಣ್ಣ? ವಾರ್ಡ್ ಮೆಂಬರ್ ಚುನಾವಣೆಯೇ ಪಕ್ಷದ ಚಿಹ್ನೆಯಲ್ಲಿ ನಡೆಯುತ್ತದೆ ಅಂತ ಮೇಷ್ಟ್ರು ಮೇಲೆಯೇ ಹೇಳಿದ್ದಾರೆ. ಬಸ್ ಸ್ಟಾಪಿನ ಗೋಡೆಯಿಂದ ಕ್ಲಬ್ಬಿನ ಬಾಗಿಲಿನ ತನಕ ಚಿಹ್ನೆ ಇರುವ ಊರಲ್ಲಿ ಪಕ್ಷ ಬಿಟ್ಟು ಸರ್ಕಾರ ಕಲಿಸುವುದು ಅಂದರೆ ನೀರಿಗಿಳಿಸದೆ ಈಜು ಕಲಿಸಿದ ಹಾಗೆ.

ನಾನು ಕೂಡ ಮನೆಯಲ್ಲೇ ಓದಿದವಳು ಅಕ್ಕ, ಮಂಜೇಶ್ವರ ಕಡೆ. ಈಗ ಕಾಲೇಜಿನಲ್ಲಿದ್ದೇನೆ. ನನಗೆ ಉಪಯೋಗ ಆಗಿದ್ದು ಹೇಳುತ್ತೇನೆ. ಅಮ್ಮ ನನ್ನನ್ನು ಗ್ರಾಮಸಭೆಗೆ ಕರೆದುಕೊಂಡು ಹೋಗುತ್ತಿದ್ದರು. ಮಾತಾಡುವ ಹಕ್ಕು ಮತದಾರರಿಗೆ, ಆದರೆ ಹಿಂದಿನ ಬೆಂಚಿನಲ್ಲಿ ಕೂತರೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಕೇರಳದಲ್ಲಿ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು, ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಬ್ಬರಾದರೂ ಇರಬೇಕು. ಇದು ಪುಸ್ತಕದ ಮಾತು. ಅಲ್ಲಿ ನೋಡಿದ್ದು ಬೇರೆ. ಸಹಿ ಪುಸ್ತಕ ಒಂದು ಕಡೆಯಿಂದ ಹೊರಡುತ್ತದೆ, ಕೆಲವರು ಸಹಿ ಹಾಕಿ, ಚಾ ಕುಡಿದು, ಮೆಲ್ಲಗೆ ಹೊರಗೆ ಹೋಗುತ್ತಾರೆ. ಲೆಕ್ಕಕ್ಕೆ ಕೋರಂ ಇದೆ, ಕುರ್ಚಿಗಳು ಖಾಲಿ. ಮನೆ ಕಟ್ಟುವ ಸಹಾಯಧನದ ಪಟ್ಟಿ ಓದಲು ಶುರು ಮಾಡಿದ ಕೂಡಲೇ ಹೊರಗಿದ್ದವರೆಲ್ಲ ಒಳಗೆ. ಒಬ್ಬರು ಅಜ್ಜಿ ಎದ್ದು ನಿಂತು, ನನ್ನ ಹೆಸರು ಹೋದ ಸಲ ಇತ್ತು, ಈ ಸಲ ಯಾಕಿಲ್ಲ, ಯಾರು ತೆಗೆದದ್ದು ಅಂತ ತುಳುವಿನಲ್ಲಿ ಕೇಳಿದರು. ಮೆಂಬರ್ ಮಲಯಾಳದಲ್ಲಿ ಉತ್ತರ ಕೊಟ್ಟರು. ಪಕ್ಕದವರು ಅದನ್ನು ಕನ್ನಡದಲ್ಲಿ ನಡಾವಳಿಗೆ ಬರೆಯಿರಿ ಅಂದರು. ಆ ಪಟ್ಟಿಯ ಕಥೆ ತಿಳಿಯಲು ನಾನು ಮನೆಗೆ ಬಂದು ಪಂಚಾಯತ್ ರಾಜ್ ಕಾಯ್ದೆ ಹುಡುಕಿ ಓದಿದೆ. ಅದಕ್ಕೆ ಮೊದಲು ಎಷ್ಟು ಹೇಳಿದರೂ ಓದಿರಲಿಲ್ಲ.

ಇನ್ನೊಂದು, ಚುನಾವಣೆ ಬಂದಾಗ ಅಭ್ಯರ್ಥಿಗಳ ಅಫಿಡವಿಟ್ ಓದಿಸಿ. ವಿಧಾನಸಭೆಗೂ ಲೋಕಸಭೆಗೂ ನಿಲ್ಲುವವರು ಆಸ್ತಿ, ಸಾಲ, ಓದು, ಮೇಲಿರುವ ಕೇಸು ಎಲ್ಲ ಬರೆದು ಕೊಡಬೇಕು, ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪಕ್ಷದ ಹೆಸರು ಮುಚ್ಚಿ, ಬರೀ ಅಫಿಡವಿಟ್ ನೋಡಿ ಯಾರಿಗೆ ಓಟು ಹಾಕುತ್ತೀ ಅಂತ ಅಪ್ಪ ನನ್ನನ್ನು ಕೇಳುತ್ತಿದ್ದರು. ಆಮೇಲೆ ಹೆಸರು ತೋರಿಸುತ್ತಿದ್ದರು. ಮನೆಯಲ್ಲಿ ಆಗುತ್ತಿದ್ದ ಜಗಳ ಇಲ್ಲಿ ಬರೆಯುವುದಿಲ್ಲ!

ಒಂದು ಓಟಿನಿಂದ ಏನಾಗುತ್ತದೆ ಅಂತ ನಿಮ್ಮ ಮಕ್ಕಳು ಕೇಳಿದರೆ ನಮ್ಮ ಮಂಜೇಶ್ವರ ತೋರಿಸಿ. 2016ರಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ 89 ಓಟು, ಅಷ್ಟೇ. ಅದರ ಮೇಲೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಯೂ ಬಿತ್ತು. 2021ರಲ್ಲಿ 745. ಆ ವರ್ಷ ಗೆದ್ದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು, ವಿಡಿಯೋ ಸಿಗುತ್ತದೆ. ಮಗಳಿಗೆ 17 ಆದ ಕೂಡಲೇ ಮತದಾರರ ಪಟ್ಟಿಗೆ ಸೇರುವ ಫಾರಂ 6 ಮುಂಚಿತವಾಗಿ ಕೊಡಬಹುದು, 18 ಆಗುವವರೆಗೆ ಕಾಯಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಫಾರಂ ಅವಳೇ ತುಂಬಲಿ, ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದವರ ಕೈಗೆ ಕೊಟ್ಟು ಬರಬೇಡಿ.

ನಾಲ್ಕು ಜನರ ಜೊತೆ ಬೆರೆಯಲು ಕುಟುಂಬಶ್ರೀ ಮಹಿಳಾ ಸಂಘದ ಮಕ್ಕಳ ಗುಂಪು, ಬಾಲಸಭೆ ಇದೆ. ಎಲ್ಲ ವಾರ್ಡಿನಲ್ಲೂ ಚುರುಕಾಗಿರುವುದಿಲ್ಲ, ವಿಚಾರಿಸಿ ನೋಡಿ.

ಬದಿಯಡ್ಕದಮ್ಮ

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮಗಳಿಗೆ ಎಲ್ಲ ಓದಿ ಹೇಳಿದೆ. ಎಡನೀರಿನ ಕೇಸು ಕೇಳಿ, ನಾವು ಅಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇವಲ್ಲ, ಯಾಕೆ ಹೇಳಲಿಲ್ಲ ಅಂತ ನನಗೇ ಬೈದಳು. ನಮ್ಮ ಮಾವನವರು ಕೂಡಲೇ ಭೂಸುಧಾರಣೆಯ ಕಾಲದ ಕಥೆ ಶುರು ಮಾಡಿದರು, ಊಟ ತಣ್ಣಗಾಯಿತು.

ಸದ್ಯಕ್ಕೆ ಹೀಗೆ ಅಂತ ಯೋಚನೆ: ಮಗನಿಗೆ ಕೇರಳದ ಕನ್ನಡ ಪುಸ್ತಕ, ಪಕ್ಕದಲ್ಲಿ ಕರ್ನಾಟಕದ್ದು. ಮಗಳಿಗೆ 317 ಪುಸ್ತಕ, ಜೊತೆಗೆ 11ನೇ ತರಗತಿಯ ಎನ್‌ಸಿಇಆರ್‌ಟಿ. ಅಮೆರಿಕದ ಆಟ ಬಿಡಿಸುವುದಿಲ್ಲ, ಭಾನುವಾರ ಆಡಲಿ. ಅಲ್ಲಿಯ ಅಧ್ಯಕ್ಷರಿಗೂ ಇಲ್ಲಿಯ ರಾಷ್ಟ್ರಪತಿಗಳಿಗೂ ಇರುವ ವ್ಯತ್ಯಾಸ ಹೇಳಿಸಿದರೆ ಅದೂ ಉಪಯೋಗಕ್ಕೆ ಬರುತ್ತದೆ.

ಒಂದೇ ಪ್ರಶ್ನೆ ಉಳಿದಿದೆ. 2022ಕ್ಕಿಂತ ಹಿಂದಿನ 10ನೇ ತರಗತಿ ಪುಸ್ತಕ ಎಲ್ಲಿ ಸಿಗುತ್ತದೆ? ಕಾಸರಗೋಡಿನ ಅಂಗಡಿಯಲ್ಲಿ ಕೇಳಿದರೆ ಹೊಸದನ್ನೇ ಕೊಡುತ್ತಾರೆ.

ಎರಡು ಬಾಟಲ್ ಶಾಯಿ

ನಮ್ಮಲ್ಲಿ ಮಗನದ್ದು ಇದೆ, ಇಂಗ್ಲಿಷ್ ಮಾಧ್ಯಮದ್ದು. ಅಂಚಿನಲ್ಲೆಲ್ಲ ಅವನು ಮೀಸೆ, ಕನ್ನಡಕ ಬರೆದಿದ್ದಾನೆ, ಓದಲು ತೊಂದರೆ ಇಲ್ಲ. ಕುಂಬಳೆ ಪೇಟೆಗೆ ಬರುವುದಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ, ತಂದು ಕೊಡುತ್ತೇನೆ. ವಾಪಸ್ ಬೇಡ.